ಕೊನೆಯ ಕಂಬದ ಸ್ವಿಚ್ಚು

ಮದುವೆಯಾಗಿ ಮುಳಬಾಗಿಲಿಗೆ ಬಂದ ಮೇಲೂ ನಾನು ಕೋಲಾರದ ಕೆಲಸ ಬಿಟ್ಟಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದ ನನಗೆ ಕೋಲಾರದಲ್ಲಿ ಒಬ್ಬ ಗುತ್ತಿಗೆದಾರರ ಬಳಿ ಕೆಲಸ ಸಿಕ್ಕಿತ್ತು. ರಸ್ತೆಯ ಕಡೆಗೆ ಅವರ ಅಂಗಡಿ. ಪಂಪ್‌ಸೆಟ್ಟಿನ ಸ್ಟಾರ್ಟರು, ಫ್ಯೂಸು, ವೈರಿನ ಸುರುಳಿ ಕೊಳ್ಳಲು ರೈತರು ಬಂದು ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ನನ್ನ ಮೇಜು. ಮಾಲೂರಿನ ಹೆಂಚಿನ ಕಾರ್ಖಾನೆಯದೋ, ಎಲ್ಲಾದರೂ ಅಕ್ಕಿ ಗಿರಣಿಯದೋ ವೈರಿಂಗ್ ಕೆಲಸ ಬಂದಾಗ ನಕ್ಷೆ ಬರೆದು, ಎಷ್ಟು ಕೇಬಲ್ ಬೇಕೆಂದು ಲೆಕ್ಕ ಹಾಕಿಕೊಡುವುದು ನನ್ನ ಪಾಲಿನದು. ಜಾಗಕ್ಕೆ ಹೋಗಿ ಏಣಿ ಹತ್ತುವವರು ಗಂಡಸರು. ನಾನು ಹೋಗುತ್ತಿದ್ದುದು ಅಪರೂಪ.

ಅತ್ತೆಗೆ ನನ್ನ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲ ನೋಡಿಕೊಂಡು, ಹಿಪ್ಪುನೇರಳೆ ಬೆಳೆದು, ಒಬ್ಬನೇ ಮಗನನ್ನು ಮೇಷ್ಟರ ಕೆಲಸದವರೆಗೆ ಓದಿಸಿದ ಹೆಂಗಸು ಅವರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ನೆಂಟರ ಮುಂದೆ ನನ್ನನ್ನು ಹೊಗಳಬೇಕಾದರೆ ಅವರು ನನ್ನ ಓದಿನ ಸುದ್ದಿ ಎತ್ತುತ್ತಿರಲಿಲ್ಲ. ಸುಮ್ಮನೆ ನನಗೆ ಅತ್ತ ತಿರುಗು ಎಂದು ಹೇಳಿ ಜಡೆ ತೋರಿಸುತ್ತಿದ್ದರು. ಸೊಂಟ ದಾಟಿ ಇಳಿಯುವ ಜಡೆ. ಕ್ಯಾಲನೂರಿನ ನನ್ನ ತವರಿನಲ್ಲಿ ಅಮ್ಮ ಹರಳೆಣ್ಣೆ ಹಚ್ಚಿ ಬೆಳೆಸಿದ್ದು. ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಅತ್ತೆಯೇ ಹೆಣೆದು ಕಳಿಸುತ್ತಿದ್ದರು. ಅಷ್ಟು ಹೊತ್ತು ನಾವಿಬ್ಬರೂ ಒಂದೂ ಮಾತಾಡದೆ ಕೂತಿರುತ್ತಿದ್ದೆವು. ಬೇರೆ ಯಾವ ಹೊತ್ತಿನಲ್ಲೂ ನಾವು ಅಷ್ಟು ಹತ್ತಿರ ಕೂತದ್ದಿಲ್ಲ.

ಆ ವರ್ಷ ಶ್ರೀನಿವಾಸಪುರದ ಹತ್ತಿರ ಒಂದು ಮಾವಿನ ಹಣ್ಣಿನ ಕಾರ್ಖಾನೆಯ ಕೆಲಸ ಬಂತು. ಹಣ್ಣು ತೊಳೆದು, ಕೊಳೆತದ್ದನ್ನು ಆರಿಸಿ ತೆಗೆದು, ತಿರುಳು ಹಿಂಡಿ ಡಬ್ಬಿಗೆ ತುಂಬುವ ಜಾಗ. ಹಣ್ಣು ಸಾಗುವುದಕ್ಕೆ ಉದ್ದವಾದ ರಬ್ಬರ್ ಬೆಲ್ಟು, ಅದರ ಎರಡೂ ಬದಿಗೆ ಸುತ್ತಲ ಹಳ್ಳಿಯ ಹೆಂಗಸರು ನಿಂತು ಹಣ್ಣು ಆರಿಸುತ್ತಾರೆ. ಯಾರ ಕೈಯಾದರೂ ಸೆರಗಾದರೂ ಬೆಲ್ಟಿಗೆ ಸಿಕ್ಕಿದರೆ ತಕ್ಷಣ ನಿಲ್ಲಿಸಬೇಕು. ಅದಕ್ಕೆ ಬೆಲ್ಟಿನ ಉದ್ದಕ್ಕೂ ಕಂಬ ನೆಟ್ಟು, ಕಂಬಕ್ಕೊಂದು ಸ್ವಿಚ್ಚು ಕೂರಿಸಿ, ಪ್ರತಿಯೊಂದಕ್ಕೂ ಒಂದೊಂದು ತುಂಡು ಹಗ್ಗ ಕಟ್ಟಬೇಕಿತ್ತು. ಯಾವ ಹಗ್ಗ ಎಳೆದರೂ ಬೆಲ್ಟು ನಿಲ್ಲಬೇಕು.

ಇದನ್ನು ಸೀರೀಸ್ ಎನ್ನುತ್ತೇವೆ. ಮೋಟಾರಿಗೆ ಕರೆಂಟು ಬಿಡುವ ಸ್ಟಾರ್ಟರಿನಿಂದ ಹೊರಟ ತಂತಿ ಮೊದಲನೆಯ ಸ್ವಿಚ್ಚಿನ ಒಳಗೆ ಹೋಗಿ, ಹೊರಗೆ ಬಂದು, ಎರಡನೆಯದರೊಳಗೆ ಹೋಗಿ, ಹೀಗೇ ಕೊನೆಯದನ್ನು ಹಾದು ವಾಪಸು ಸ್ಟಾರ್ಟರಿಗೆ ಬರಬೇಕು. ಹಗ್ಗ ಎಳೆದು ನಡುವೆ ಒಂದು ಕಡೆ ಸಂಪರ್ಕ ಕಡಿದರೂ ಸ್ಟಾರ್ಟರು ಕೈಬಿಡುತ್ತದೆ, ಮೋಟಾರು ನಿಲ್ಲುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಅಲ್ಲಿ ನೆಲವೆಲ್ಲ ನೀರು, ಹಣ್ಣಿನ ರಸ. ಹೆಂಗಸರು ಬರಿಗಾಲಲ್ಲಿ ನಿಲ್ಲುತ್ತಾರೆ. ಹಾಗಾಗಿ ಸ್ವಿಚ್ಚುಗಳ ತಂತಿಗೆ ಕಡಿಮೆ ವೋಲ್ಟೇಜು ಕೊಡಬೇಕು ಎಂದೆ. ಕಡಿಮೆ ವೋಲ್ಟೇಜು ದೂರ ಹೋದಷ್ಟೂ ಕುಸಿಯುತ್ತದೆ, ತಂತಿ ಸಣ್ಣದಾದರೆ ಇನ್ನೂ ಕುಸಿಯುತ್ತದೆ, ಕೊನೆಗೆ ಸ್ಟಾರ್ಟರು ಕಚ್ಚಿಕೊಳ್ಳಲಾರದೆ ಗೊರಗೊರ ಅನ್ನುತ್ತದೆ. ಆದ್ದರಿಂದ ಕೇಬಲ್ ಎಷ್ಟು ಉದ್ದ ಓಡುತ್ತದೆ ಎಂಬುದು ಮೊದಲೇ ಸರಿಯಾಗಿ ಗೊತ್ತಿರಬೇಕು, ಅದಕ್ಕೆ ತಕ್ಕ ದಪ್ಪ ಆರಿಸಬೇಕು.

ಕೇಬಲ್ ಸೂರಿನ ಕೆಳಗೆ ಹಾದುಹೋಗುತ್ತದೆ ಎಂದುಕೊಂಡು ನಾನು ಲೆಕ್ಕ ಹಾಕಿದೆ. ಪ್ರತಿ ಕಂಬಕ್ಕೂ ಸೂರಿನಿಂದ ಕೆಳಗಿಳಿದು, ಸ್ವಿಚ್ಚು ಹಾದು, ಮತ್ತೆ ಮೇಲೆ ಹತ್ತಬೇಕು. ನೀರು ಜಾರಿ ಒಳಗೆ ಹೋಗದಂತೆ ಸ್ವಿಚ್ಚಿನ ಬುಡದಲ್ಲಿ ಒಂದು ಬಾಗು ಬಿಡಬೇಕು. ಎಲ್ಲಾ ಕೂಡಿದರೆ ಶೆಡ್ಡಿನ ಉದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಾಯಿತು. ಗುತ್ತಿಗೆದಾರರು ನೋಡಿ ನಕ್ಕರು. ಕೇಬಲನ್ನು ಬೆಲ್ಟಿನ ಕಾಲುಗಳಿಗೇ ಕಟ್ಟಿಕೊಂಡು ಹೋದರೆ ಇಳಿಯುವುದು ಹತ್ತುವುದು ಎಲ್ಲಿಂದ ಬರುತ್ತದೆ ಎಂದು ಕೇಳಿ, ಹೋಗಿ ಬರುವ ಉದ್ದವಷ್ಟೇ ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಿದರು. ಅವರದೂ ತಪ್ಪು ಲೆಕ್ಕವೇನಲ್ಲ. ಆದರೆ ಜಾಗದಲ್ಲಿ ಕಾರ್ಖಾನೆಯ ಮ್ಯಾನೇಜರು ಬೆಲ್ಟಿನ ಕಾಲುಗಳಿಗೆ ತಂತಿ ಕಟ್ಟಲು ಬಿಡಲಿಲ್ಲ, ದಿನಾ ಪೈಪು ಹಿಡಿದು ತೊಳೆಯುತ್ತೇವೆ, ಮೇಲಿಂದಲೇ ತನ್ನಿ ಅಂದರು. ನಮ್ಮ ವೈರ್‌ಮನ್‌ಗಳು ಮೇಲಿಂದಲೇ ತಂದರು. ಕೊನೆಯ ಕಂಬಕ್ಕೆ ಕೇಬಲ್ ಸಾಲಲಿಲ್ಲ.

ಸೀರೀಸಿನಲ್ಲಿ ಒಂದು ವಿಚಿತ್ರವಿದೆ. ಕೊನೆಯ ಸ್ವಿಚ್ಚನ್ನು ಬಿಟ್ಟು, ಅದರ ಹಿಂದಿನದರಿಂದಲೇ ತಂತಿ ವಾಪಸು ತಂದರೆ ಎಲ್ಲವೂ ಚೆನ್ನಾಗೇ ನಡೆಯುತ್ತದೆ. ಬೆಲ್ಟು ಓಡುತ್ತದೆ, ಬೇರೆ ಹಗ್ಗಗಳು ಕೆಲಸ ಮಾಡುತ್ತವೆ. ಕೊನೆಯ ಕಂಬದಲ್ಲೂ ಸ್ವಿಚ್ಚು ಇರುತ್ತದೆ, ಹಗ್ಗ ನೇತಾಡುತ್ತಿರುತ್ತದೆ, ಎಳೆದರೆ ಮಾತ್ರ ಏನೂ ಆಗುವುದಿಲ್ಲ. ಹಣ್ಣು ಬಂದು ಬೀಳುತ್ತಿದ್ದುದರಿಂದ, ಕೇಬಲ್ ಬರುವವರೆಗೆ ಹಾಗೇ ಓಡಿಸುತ್ತೇವೆ ಎಂದು ಅಲ್ಲಿಂದ ಫೋನು ಬಂತು.

ಫೋನು ಇಟ್ಟ ಗುತ್ತಿಗೆದಾರರು ಅಂಗಡಿಯಲ್ಲಿ ಗಿರಾಕಿಗಳಿರುವಾಗಲೇ ನನ್ನನ್ನು ಕರೆದರು. ‘ಏನಮ್ಮಾ, ನಿನ್ನ ಲೆಕ್ಕ ಸಾಲ್ಲಿಲ್ವಂತೆ. ನೀನೇ ಹೋಗಿ ಅಳೆದ್ಕೊಂಡ್ಬಾ’ ಅಂದರು. ಹೊಡೆದುಹಾಕಿದ್ದು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲ. ಅಷ್ಟು ಜನರ ಎದುರು ನೆನಪಿಸುವುದಕ್ಕೆ ನನಗೆ ಬಾಯಿ ಬರಲಿಲ್ಲ. ತಪ್ಪು ನನ್ನದೇ ಎನ್ನುವ ಹಾಗೆ ಕಿವಿಯವರೆಗೂ ಬಿಸಿಯಾಯಿತು. ತಲೆ ತಗ್ಗಿಸಿ ಹೂಂ ಅಂದೆ.

ಮಾರನೆಯ ಬೆಳಿಗ್ಗೆ ನಾನು ಬೇರೆ ಊರಿಗೆ ಹೊರಟಿದ್ದೇನೆಂದು ಅತ್ತೆ ಜಡೆಗೆ ಕನಕಾಂಬರ ಮುಡಿಸಿದರು. ಶ್ರೀನಿವಾಸಪುರದಲ್ಲಿ ಇಳಿದು ಕಾರ್ಖಾನೆಗೆ ಹೋದೆ. ಬೆಲ್ಟು ಓಡುತ್ತಿತ್ತು. ಹೆಂಗಸರೆಲ್ಲ ತಲೆಗೆ ಬಟ್ಟೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಹಾಗೆ ನಿಲ್ಲಬೇಕೆಂದು ಹಿಂದೊಮ್ಮೆ ಬಂದಿದ್ದಾಗ ಅವರಿಗೆ ಹೇಳಿಕೊಟ್ಟವಳು ನಾನೇ. ಅದು ನನಗೂ ಅನ್ವಯಿಸುತ್ತದೆಂದು ಮಾತ್ರ ಹೊಳೆಯಲಿಲ್ಲ. ಮ್ಯಾನೇಜರು ಬೆಲ್ಟು ನಿಲ್ಲಿಸಲಾಗುವುದಿಲ್ಲ, ಹಾಗೇ ಅಳೆದುಕೊಳ್ಳಿ ಅಂದರು. ನಾನೂ ಸರಿ ಅಂದೆ.

ಕೊನೆಯ ಕಂಬದ ಬಳಿ ನಿಂತಿದ್ದ ಹೆಂಗಸನ್ನು ಟೇಪಿನ ತುದಿ ಹಿಡಿದುಕೊಳ್ಳಲು ಕರೆದೆ. ನನಗಿಂತ ಸ್ವಲ್ಪ ದೊಡ್ಡವಳು. ಹಣ್ಣಿನ ಕೊಳೆತ ಭಾಗ ಕೊಯ್ಯುವ ಸಣ್ಣ ಚಾಕು ಅವಳ ಸೊಂಟದಲ್ಲಿತ್ತು. ಇದೆಲ್ಲ ಯಾಕೆ ಅಳೆಯುತ್ತೀರಿ ಎಂದು ಅವಳು ಕೇಳಿದಳು. ನಾನು ಅಳೆಯುತ್ತಲೇ ಹೇಳಿದೆ. ಈ ಹಗ್ಗಕ್ಕೆ ಇನ್ನೂ ಜೀವ ಬಂದಿಲ್ಲ, ಎಳೆದರೆ ನಿಲ್ಲುವುದಿಲ್ಲ, ಅದರ ಹಿಂದಿನ ಕಂಬದ್ದು ಎಳೆದರೆ ನಿಲ್ಲುತ್ತದೆ, ಕೇಬಲ್ ಬರುವವರೆಗೆ ನೀವು ಅದನ್ನೇ ಎಳೆಯಬೇಕು. ಅವಳು ಆ ಕಂಬದ ಕಡೆ ಒಮ್ಮೆ ನೋಡಿ ತಲೆಯಾಡಿಸಿದಳು.

ಆಮೇಲೆ ನಾನು ಸ್ವಿಚ್ಚಿನ ಬುಡದಲ್ಲಿ ಕೇಬಲ್ ಹೋಗುವ ತೂತು ನೋಡಲು ಬಗ್ಗಿದೆ. ಅಲ್ಲಿ ಬೆಲ್ಟು ರೋಲರ್ ಸುತ್ತಿ ಕೆಳಗೆ ತಿರುಗುತ್ತದೆ. ಜಡೆ ಹೆಗಲ ಮೇಲಿಂದ ಜಾರಿದ್ದು ನನಗೆ ಗೊತ್ತಾಗಲಿಲ್ಲ. ತಲೆಯನ್ನು ಯಾರೋ ಹಿಡಿದು ಜಗ್ಗಿದಂತಾಯಿತು. ಕೈ ಊರಿದೆ, ಕೈ ಜಾರಿತು. ಕೆನ್ನೆ ಒದ್ದೆ ರಬ್ಬರಿಗೆ ತಾಗಿತು, ರೋಲರ್ ಕಣ್ಣ ಮುಂದೆಯೇ ತಿರುಗುತ್ತಿತ್ತು. ಟೇಪು ಬಿದ್ದ ಸದ್ದು, ಓಡಿದ ಕಾಲಿನ ಸದ್ದು ಕೇಳಿತು. ಬೆಲ್ಟು ನಿಂತಿತು.

ಪಕ್ಕದಲ್ಲೇ ನೇತಾಡುತ್ತಿದ್ದ ಹಗ್ಗವನ್ನು ಅವಳು ಮುಟ್ಟಿಯೂ ಇರಲಿಲ್ಲ. ನೇರ ಹಿಂದಿನ ಕಂಬಕ್ಕೆ ಓಡಿ ಎಳೆದಿದ್ದಳು. ವಾಪಸು ಬಂದು ನನ್ನ ಹಣೆಯ ಕೆಳಗೆ ಕೈ ಕೊಟ್ಟು, ‘ಕದಲಬೇಡಮ್ಮಾ, ಹಂಗೇ ಇರು’ ಅಂದಳು.

ಕದಲುವಂತೆಯೂ ಇರಲಿಲ್ಲ. ಜಡೆ ಬೆಲ್ಟಿಗೂ ರೋಲರಿಗೂ ನಡುವೆ ಕುತ್ತಿಗೆಯ ಹತ್ತಿರದವರೆಗೆ ಹೋಗಿಬಿಟ್ಟಿತ್ತು. ನಾನು ಸೊಂಟ ಬಗ್ಗಿಸಿ, ಬೆನ್ನು ಮೇಲೆ ಮಾಡಿ, ಕೊಳೆತ ಹಣ್ಣುಗಳ ನಡುವೆ ಮುಖ ಇಟ್ಟುಕೊಂಡು ನಿಂತಿದ್ದೆ. ಕಾರ್ಖಾನೆಯ ಸದ್ದು ಅಡಗಿದ್ದರಿಂದ ಎಲ್ಲ ಕಡೆಯಿಂದಲೂ ಜನ ಬಂದರು. ನನಗೆ ಕಾಲುಗಳಷ್ಟೇ ಕಾಣುತ್ತಿದ್ದವು. ಹೆಂಗಸರ ಬರಿಗಾಲು, ಆಮೇಲೆ ಗಂಡಸರ ಚಪ್ಪಲಿ, ಬೂಟು. ನಮ್ಮ ವೈರ್‌ಮನ್‌ಗಳೂ ಬಂದರು, ನಾನು ಬರೆದುಕೊಟ್ಟ ನಕ್ಷೆ ಹಿಡಿದು ಕೆಲಸ ಮಾಡುವವರು. ಬೆಲ್ಟು ನಿಲ್ಲಿಸಿದವರು ಯಾರು ಎಂದು ಮ್ಯಾನೇಜರು ಗದರುತ್ತಾ ಬಂದು, ನನ್ನನ್ನು ನೋಡಿ ಅಲ್ಲೇ ನಿಂತರು. ಮೆಕ್ಯಾನಿಕ್ಕು ರೋಲರಿನ ಬೋಲ್ಟು ಬಿಚ್ಚಿದರೆ ಜಡೆ ಬಿಡಿಸಬಹುದು, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂದ. ಯಾರೋ ಸ್ಪ್ಯಾನರ್ ತರಲು ಹೋದರು. ಹಿಂದೆ ಯಾರೋ ಸಣ್ಣದಾಗಿ ನಕ್ಕಂತಾಯಿತು. ನಕ್ಕರೋ ಕೆಮ್ಮಿದರೋ, ಈಗಲೂ ನನಗೆ ಗೊತ್ತಿಲ್ಲ.

ನೋವಿರಲಿಲ್ಲ. ಉಸಿರಾಟಕ್ಕೂ ತೊಂದರೆ ಇರಲಿಲ್ಲ. ಕಾಯಬಹುದಾಗಿತ್ತು. ಆದರೆ ಅಷ್ಟು ಕಣ್ಣುಗಳು ನನ್ನ ಬೆನ್ನ ಮೇಲೆ ಇವೆ ಎಂಬುದೊಂದೇ ನನ್ನ ತಲೆಯಲ್ಲಿ. ಕತ್ತರಿಸಿಬಿಡು ಎಂದು ಅವಳಿಗೆ ಹೇಳಿದೆ.

‘ವಸಿ ತಡಿಯಮ್ಮಾ, ಬಿಚ್ತಾ ಅವ್ರೆ. ಇಂಥ ಕೂದ್ಲು ಮತ್ತೆ ಬತ್ತದಾ?’ ಅಂದಳು.

ಕತ್ತರಿಸು ಎಂದು ಮತ್ತೆ ಹೇಳಿದೆ. ಈ ಸಲ ಗದರಿದೆ. ಜೀವ ಉಳಿಸಿದವಳನ್ನು ಗದರಿದೆ. ಅವಳು ಸೊಂಟದ ಚಾಕು ತೆಗೆದು, ಸೆರಗಿಗೆ ಒರೆಸಿ, ಕುತ್ತಿಗೆಯ ಹತ್ತಿರ ಸ್ವಲ್ಪ ಸ್ವಲ್ಪವೇ ಕೊಯ್ದಳು. ಹಣ್ಣು ಕೊಯ್ಯುವ ಚಾಕಿಗೆ ಕೂದಲು ಬೇಗ ಬಗ್ಗಲಿಲ್ಲ. ಬಿಡುಗಡೆಯಾದ ಕೂಡಲೇ ನಾನು ಸೆರಗು ತಲೆಗೆಳೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದೆ. ಅವಳಿಗೆ ಒಂದು ಮಾತೂ ಹೇಳಲಿಲ್ಲ.

ಮುಳಬಾಗಿಲಿನ ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಸೆರಗು ಜಾರಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಕುತ್ತಿಗೆ ನೋಡಿ ತಿರುಪತಿಗೆ ಹೋಗಿದ್ದೆಯಾ ಎಂದು ಕೇಳಿದರು. ನಮ್ಮ ಕಡೆ ಜಡೆಯಿಲ್ಲದ ತಲೆ ಕಂಡರೆ ಯಾರೂ ಬೇರೆ ಪ್ರಶ್ನೆ ಕೇಳುವುದಿಲ್ಲ. ಹೂಂ ಅಂದೆ. ಅವರು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು, ಪ್ರಸಾದ ಇದ್ದರೆ ಒಂದು ಚೂರು ಕೊಡು ಅಂದರು. ಮುಗಿದುಹೋಯಿತು ಅಂದೆ. ಆ ಬಸ್ಸಿನಿಂದ ಇಳಿದು ನಡೆದುಕೊಂಡೇ ಹೋಗಬಾರದೇ ಅನ್ನಿಸಿತು.

ಮನೆಯಲ್ಲಿ ಸೆರಗು ಸರಿಸಿದಾಗ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಬೆಲ್ಟಿಗೆ ಸಿಕ್ಕಿತು, ಕತ್ತರಿಸದೆ ಬೇರೆ ದಾರಿ ಇರಲಿಲ್ಲ ಎಂದು ಹೇಳಿದೆ. ಅವರು ಬೈಯಲಿಲ್ಲ. ನನ್ನ ತಲೆಯ ಹಿಂಭಾಗವನ್ನು ಒಮ್ಮೆ ಸವರಿ, ಎದ್ದು ನೀರು ಕಾಯಿಸಲು ಹೋದರು. ಸಂಜೆ ಮನೆಗೆ ಬಂದ ನನ್ನ ಗಂಡ ಕೂದಲು ತಾನೇ, ಬೆಳೆಯುತ್ತದೆ ಬಿಡು ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮರುದಿನ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನನ್ನನ್ನು ನೋಡಿ ಬೆರಗಾದಾಗ ಅತ್ತೆಯೇ ಮುಂದೆ ಬಂದು, ‘ಹರಕೆ ಇತ್ತು. ತಿರುಪತಿಗೆ ಕೊಟ್ಳು’ ಅಂದರು. ಆಕೆ ನನ್ನ ಓರೆಕೋರೆ ಕೂದಲನ್ನು ನೋಡಿದಳು. ಮುಡಿ ಕೊಟ್ಟರೆ ಬೋಳಿಸುತ್ತಾರೆ, ಇಲ್ಲದಿದ್ದರೆ ತುದಿಯಲ್ಲಿ ಮೂರು ಕತ್ತರಿ ಹಾಕಿಸುತ್ತಾರೆ, ಇದು ಎರಡೂ ಅಲ್ಲ ಎಂದು ಅವಳಿಗೂ ಗೊತ್ತು. ಹಾಗೇ ತಿರುಗಿ ಹೋದಳು. ಕೆಲವು ದಿನದಲ್ಲಿ ಅತ್ತೆ ಸೊಸೆಗೆ ಜಗಳವಾಗಿ ಅತ್ತೆಯೇ ಜಡೆ ಕುಯ್ದರಂತೆ ಎಂಬ ಮಾತು ಬೀದಿಯಲ್ಲಿ ಓಡಾಡಿ ನಮ್ಮ ಮನೆಗೂ ಬಂತು. ಅತ್ತೆ ನಲ್ಲಿಯ ಹತ್ತಿರ ನೀರಿಗೆ ಹೋಗುವುದನ್ನು ಬಿಟ್ಟರು. ನಾನು ನಿಜ ಹೇಳಿಬಿಡಬೇಕಾಗಿತ್ತು. ಹೇಳಿದರೆ ಬೆಲ್ಟಿನ ಮೇಲೆ ಬಗ್ಗಿ ನಿಂತದ್ದೂ ಹೇಳಬೇಕಾಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ.

ಕೋಲಾರದಲ್ಲಿ ಗುತ್ತಿಗೆದಾರರು ನನ್ನನ್ನು ನೋಡಿ ಕಣ್ಣು ತಗ್ಗಿಸಿದರು. ಕೇಬಲ್ ಎಷ್ಟು ಬೇಕೋ ಅಷ್ಟು ನೀನೇ ಹೇಳು ಎಂದಷ್ಟೇ ಹೇಳಿದರು. ನಾನು ಮೊದಲಿನ ಲೆಕ್ಕವನ್ನೇ ಕೊಟ್ಟೆ. ಕೇಬಲ್ ಹೋಯಿತು, ಹಾಕಿಯೂ ಆಯಿತು, ಪರೀಕ್ಷೆ ಮಾಡಲು ನಾನೇ ಹೋಗಬೇಕಾಯಿತು. ತಲೆಗೆ ಬಟ್ಟೆ ಬಿಗಿದುಕೊಂಡು ಹೋದೆ. ಆ ಹೆಂಗಸು ಬೆಲ್ಟಿನ ಬಳಿ ಇರಲಿಲ್ಲ. ಅವಳನ್ನು ಶೆಡ್ಡಿನ ಹಿಂದೆ ಬುಟ್ಟಿ ತೊಳೆಯುವ ಕಡೆಗೆ ಹಾಕಿದ್ದರು. ಬೆಲ್ಟು ನಿಂತು ಹೊತ್ತು ಹಾಳಾಯಿತಲ್ಲ, ಯಾರ ಮೇಲಾದರೂ ಸಿಟ್ಟು ತೀರಬೇಕಿತ್ತು. ನಾನು ಅಂದೇ ನಿಂತು ನಾಲ್ಕು ಮಾತು ಆಡಿದ್ದರೆ ಹಾಗಾಗುತ್ತಿರಲಿಲ್ಲ. ಮ್ಯಾನೇಜರ ಬಳಿ ಹೋಗಿ, ಅವಳು ಬಂದರೆ ಮಾತ್ರ ಪರೀಕ್ಷೆ ಮಾಡುತ್ತೇನೆ ಅಂದೆ. ಅವರು ಕರೆಸಿದರು.

ಕೊನೆಯ ಹಗ್ಗವನ್ನು ಅವಳ ಕೈಯಲ್ಲೇ ಎಳೆಸಿದೆ. ಬೆಲ್ಟು ನಿಂತಿತು. ಮತ್ತೆ ಓಡಿಸಿ ಮತ್ತೆ ಎಳೆಸಿದೆ, ನಿಂತಿತು. ಇನ್ನು ಇವಳು ಇಲ್ಲೇ ನಿಲ್ಲಲಿ ಎಂದು ಮ್ಯಾನೇಜರಿಗೆ ಹೇಳಿದೆ, ಒಪ್ಪಿಕೊಂಡರು. ಅವಳು ಒಳಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದುಕೊಟ್ಟಳು. ಆ ದಿನ ರೋಲರ್ ಬಿಚ್ಚಿದಾಗ ಜಡೆ ಸಿಕ್ಕಿತ್ತಂತೆ. ಮನೆಗೆ ಒಯ್ದು, ಸೀಗೆಕಾಯಿ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ಬುಡಕ್ಕೆ ದಾರ ಕಟ್ಟಿ ಇಟ್ಟಿದ್ದಳು. ‘ಚೌರಿ ಮಾಡಿಸ್ಕೊಳಮ್ಮಾ, ನಿಂದೇ ಕೂದ್ಲು, ಯಾರಿಗೂ ಗೊತ್ತಾಗಲ್ಲ’ ಅಂದಳು. ನಾನು ಅವಳನ್ನು ಗದರಿದ್ದನ್ನು ಅವಳು ಎತ್ತಲಿಲ್ಲ. ತಪ್ಪಾಯಿತು ಎಂದು ನಾನು ಹೇಳಬೇಕು ಅಂದುಕೊಂಡು ಬಾಯಿ ತೆರೆದೆ, ಬೆಲ್ಟು ಮತ್ತೆ ಹೊರಟಿತು, ಅವಳು ತನ್ನ ಜಾಗಕ್ಕೆ ಹೋದಳು.

ಪೊಟ್ಟಣ ನೋಡಿದ ಅತ್ತೆ, ಚೌರಿ ಬೇಡ, ತಿರುಪತಿಗೆ ಹೋಗಿ ಬರೋಣ ಅಂದರು. ಬಾಯಲ್ಲಿ ಅಂದದ್ದನ್ನು ನಿಜ ಮಾಡಿಕೊಂಡು ಬರಬೇಕು, ದೇವರ ಹೆಸರು ಹೇಳಿ ಸುಳ್ಳಾಡಿದ್ದೇನೆ ಎಂಬುದು ಅವರ ಯೋಚನೆ. ನಾವಿಬ್ಬರೇ ಹೋದೆವು. ಮುಡಿ ಕೊಡುವ ಜಾಗದಲ್ಲಿ ಸಾಲು ಉದ್ದವಿತ್ತು. ಒದ್ದೆ ನೆಲದ ಮೇಲೆ, ಗಂಡು ಹೆಣ್ಣು ಮಕ್ಕಳು ಎನ್ನದೆ ಎಲ್ಲರೂ ಎಲ್ಲರ ಎದುರಿಗೇ ತಲೆ ಬಗ್ಗಿಸಿ ಕೂತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅದನ್ನು ನೋಡುತ್ತಾ ನಿಂತಿದ್ದಾಗ ನನಗೆ ತಡೆಯಲಾಗಲಿಲ್ಲ. ‘ಅತ್ತೆ, ಕತ್ತರಿಸಲೇಬೇಕು ಅಂತೇನಿರಲಿಲ್ಲ. ಸ್ವಲ್ಪ ಹೊತ್ತು ಕಾದಿದ್ರೆ ಬಿಡಿಸ್ತಿದ್ರು. ಎಲ್ರೂ ನೋಡ್ತಾ ಇದ್ರು ಅಂತ ನಾನೇ ಕತ್ತರಿಸು ಅಂದೆ’ ಅಂದೆ.

ಸಾಲು ಮುಂದೆ ಸರಿಯಿತು, ನಾವೂ ಸರಿದೆವು.

‘ನಾನೂ ಅಂಗೇ ಕಣಮ್ಮ’ ಅಂದರು ಅತ್ತೆ. ‘ಜನ ಏನಂತಾರೋ ಅಂತ ತಿರುಪತಿ ಅಂದೆ. ಸೊಸೆ ತಲೆ ಉಳೀತು ಅನ್ನೋದು ಬಿಟ್ಟು ಜಡೆ ಹೋಯ್ತು ಅಂತ ಬಾಗಿಲು ಹಾಕ್ಕೊಂಡು ಕೂತೆ.’

ನಮ್ಮ ಸರದಿ ಬಂದಾಗ ಅವರು ಪೊಟ್ಟಣ ಬಿಚ್ಚಿ ಜಡೆಯನ್ನು ಅಲ್ಲಿದ್ದ ಕೂದಲ ರಾಶಿಗೆ ಹಾಕಿದರು. ನಾನು ಕೂರಲು ಹೋದೆ. ಹೆಗಲು ಹಿಡಿದು ಹಿಂದಕ್ಕೆ ಸರಿಸಿ, ನಿಂದು ಆಯಿತು ಎಂದು ತಾವೇ ಕೂತರು. ಅರೆನರೆತ ಕೂದಲು ಮಡಿಲಿಗೆ ಬೀಳುತ್ತಿದ್ದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಎದ್ದ ಮೇಲೆ ಗಂಧ ಹಚ್ಚಿಸಿಕೊಂಡು, ಹೆಂಗಿದೆ ಎಂದು ನನ್ನನ್ನು ಕೇಳಿದರು. ನನಗೆ ಅಳು ಬಂತು. ಬಸ್ಸು ಹತ್ತುವವರೆಗೂ ಅಳುತ್ತಲೇ ಇದ್ದೆ.

ಮನೆಗೆ ಬಂದ ಮರುದಿನ ಪ್ರಸಾದ ಹಂಚಲು ಪಕ್ಕದ ಮನೆಯಾಕೆಯನ್ನು ಅತ್ತೆಯೇ ಕರೆದರು. ಇದೇನು ನೀವೂ ಕೊಟ್ಟುಬಂದಿರಿ ಎಂದು ಆಕೆ ಕೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಅತ್ತೆ ಅವಸರವಿಲ್ಲದೆ ಹೇಳಿದರು. ನನ್ನ ಸೊಸೆ ಕರೆಂಟಿನ ಕೆಲಸ ಮಾಡುತ್ತಾಳೆ, ಶ್ರೀನಿವಾಸಪುರದ ಕಾರ್ಖಾನೆಯಲ್ಲಿ ಅವಳ ಜಡೆ ಬೆಲ್ಟಿಗೆ ಸಿಕ್ಕಿತು, ಒಬ್ಬ ಪುಣ್ಯಾತ್ಗಿತ್ತಿ ಹಗ್ಗ ಎಳೆದು ನಿಲ್ಲಿಸಿದಳು, ಮೊದಲು ನಾನು ಹೇಳಿದ್ದು ಸುಳ್ಳು. ಆಕೆ ಮತ್ತೆ ಮತ್ತೆ ಕೇಳಿದಳು, ಅತ್ತೆ ಮತ್ತೆ ಮತ್ತೆ ಹೇಳಿದರು. ಹಗ್ಗ ಎಳೆದರೆ ಬೆಲ್ಟು ಹೇಗೆ ನಿಲ್ಲುತ್ತದೆ ಎಂದು ಆಕೆ ಕೇಳಿದಾಗ, ಅದು ಅವಳಿಗೇ ಗೊತ್ತು, ಕರೀತೀನಿ ಇರು ಅಂದು ನನ್ನನ್ನು ಕೂಗಿದರು. ನಾನು ಒಲೆಯ ಮುಂದೆ ನಿಂತೇ ಇದ್ದೆ. ಮುಖ ತೋರಿಸಲು ನಾಚಿಕೆಯಾಗಿ, ಸಾರು ಕುದಿಯುತ್ತಿದೆ ಎಂದು ಒಳಗಿನಿಂದಲೇ ಹೇಳಿದೆ.